ಆರು ಜನ ಮಲಗಬಹುದು, ಎದ್ದ ಮೇಲೆ?

ಅಮೆರಿಕದಲ್ಲಿ ಮೋಟರ್‌ಹೋಮ್ ಕೊಳ್ಳೋಕೆ ಇಲ್ಲವೇ ಬಾಡಿಗೆಗೆ ತಗೊಳ್ಳೋಕೆ ಹೊರಟವರಿಗೆ ಮೊದಲು ಎದುರಾಗೋದು ಒಂದು ಚಿತ್ರ. ಮೇಲಿಂದ ನೋಡಿದ ಹಾಗೆ ಬಿಡಿಸಿದ ಉದ್ದನೆಯ ಪೆಟ್ಟಿಗೆ. ಮುಂದೆ ಎರಡು ಸೀಟು, ನಡುವೆ ಊಟದ ಮೇಜು, ಪಕ್ಕದಲ್ಲಿ ಒಲೆ, ಹಿಂದೆ ಹಾಸಿಗೆ, ಮೂಲೆಯಲ್ಲಿ ಟಾಯ್ಲೆಟ್. ಕೆಳಗೆ ದಪ್ಪಕ್ಷರದಲ್ಲಿ 'ಸ್ಲೀಪ್ಸ್ 6'. ಇದಕ್ಕೆ ಫ್ಲೋರ್ ಪ್ಲಾನ್ ಅಂತಾರೆ. ಸಿನಿಮಾ, ಕಾದಂಬರಿಗಳನ್ನ ಕೂದಲು ಸೀಳಿ ವಿಮರ್ಶೆ ಮಾಡೋ ನಾವು, ಐದು ಜನರ ಒಂದು ವಾರದ ನೆಮ್ಮದಿಯನ್ನ ತೀರ್ಮಾನ ಮಾಡೋ ಈ ಚಿತ್ರವನ್ನ ಮಾತ್ರ ಒಂದೇ ನಿಮಿಷ ನೋಡಿ 'ಬುಕ್' ಒತ್ತಿಬಿಡ್ತೀವಿ. ನಾನೂ ಹಾಗೇ ಒತ್ತಿದವನು. ಅದಕ್ಕೇ ಈ ವಿಮರ್ಶೆ.

ಮೊದಲು ಚಿತ್ರದಲ್ಲಿ ಏನಿಲ್ಲ ನೋಡಿ. ಮನುಷ್ಯರಿಲ್ಲ. ಹೊತ್ತು ಇಲ್ಲ. ಮಳೆಯಲ್ಲಿ ನೆಂದ ಶೂ ಇಲ್ಲ, ಒಣಗಲು ಹಾಕಿದ ಟವೆಲ್ ಇಲ್ಲ, ತೆರೆದ ಫ್ರಿಜ್ ಬಾಗಿಲು ಇಲ್ಲ. ಎಲ್ಲ ಹಾಸಿಗೆಗಳೂ ಹಾಸಿವೆ, ಎಲ್ಲ ಮೇಜುಗಳೂ ಬಿಚ್ಚಿವೆ. ಇದರಲ್ಲೇ ಒಂದು ಸುಳ್ಳಿದೆ. ಬಹಳಷ್ಟು ಗಾಡಿಗಳಲ್ಲಿ ಮೇಜು ಮಡಚಿದರೆ ಮಾತ್ರ ಹಾಸಿಗೆ, ಹಾಸಿಗೆ ತೆಗೆದರೆ ಮಾತ್ರ ಮೇಜು. ಬೆಳಗ್ಗೆ ಎಂಟು ಗಂಟೆಯ ಗಾಡಿಯನ್ನೂ ರಾತ್ರಿ ಹತ್ತು ಗಂಟೆಯ ಗಾಡಿಯನ್ನೂ ಒಂದರ ಮೇಲೊಂದು ಇಟ್ಟು ತೋರಿಸೋ ಚಿತ್ರ ಅದು.

'ಸ್ಲೀಪ್ಸ್ 6' ಅನ್ನೋ ಸಂಖ್ಯೆ ಮಲಗೋ ಲೆಕ್ಕ ಮಾತ್ರ. ಕೂರೋ ಲೆಕ್ಕ ಬೇರೆ, ಹೊರೋ ಲೆಕ್ಕ ಬೇರೆ. ಆರು ಜನ ಮಲಗಬಹುದಾದ ಗಾಡಿಯಲ್ಲಿ ಸೀಟ್ ಬೆಲ್ಟ್ ನಾಲ್ಕೇ ಇರಬಹುದು. ಅಲ್ಲಿನ ಮೋಟರ್‌ಹೋಮ್‌ಗಳ ಒಳಗೆ ಒಂದು ಲೇಬಲ್ ಅಂಟಿಸಿರ್ತಾರೆ. ಜನ, ಸಾಮಾನು ಎಲ್ಲ ಸೇರಿ ಎಷ್ಟು ತೂಕ ಹೇರಬಹುದು, ಬೆಲ್ಟ್ ಇರೋ ಸೀಟು ಎಷ್ಟು, ಟ್ಯಾಂಕ್ ತುಂಬಾ ನೀರಿದ್ರೆ ಅದರ ತೂಕ ಎಷ್ಟು ಅಂತ ಅದರಲ್ಲಿರುತ್ತೆ. 40 ಗ್ಯಾಲನ್ ನೀರು ಅಂದ್ರೆ ಸುಮಾರು 151 ಲೀಟರ್, ಅಂದ್ರೆ 151 ಕಿಲೋ. ನೀರು ತುಂಬಿಸಿದ ಕೂಡಲೇ ಇಬ್ಬರು ಎಕ್ಸ್‌ಟ್ರಾ ಪ್ರಯಾಣಿಕರು ಹತ್ತಿ ಕೂತ ಹಾಗೆ. ಬ್ರೋಷರ್‌ನಲ್ಲಿ ಪ್ಲಾನ್ ದೊಡ್ಡದಾಗಿ ಕಾಣುತ್ತೆ. ಈ ಲೇಬಲ್ ಓದಬೇಕು ಅಂದ್ರೆ ಗಾಡಿ ಹತ್ತಿರ ಹೋಗಿ ಹುಡುಕಬೇಕು.

ಹಾಸಿಗೆಯ ವಿಷಯವೂ ಅಷ್ಟೇ. 'ಕ್ವೀನ್ ಬೆಡ್' ಅಂತ ಬರೆದಿರ್ತಾರೆ. ಮನೆಯ ಕ್ವೀನ್ ಹಾಸಿಗೆ ಅಲ್ಲಿ 60 ಇಂಚು ಅಗಲ, 80 ಇಂಚು ಉದ್ದ. ಗಾಡಿಯ ಕ್ವೀನ್ ಎಷ್ಟೋ ಸಲ 74 ಅಥವಾ 75 ಇಂಚು. ಐದಾರು ಇಂಚು ತಾನೇ ಅನ್ನಬೇಡಿ, ಆರಡಿ ಎತ್ತರದವರ ಕಾಲು ಆ ಐದಾರು ಇಂಚಿನಲ್ಲೇ ಇರೋದು. ಮೂಲೆಗೆ ಒತ್ತಿಸಿದ ಹಾಸಿಗೆಯಾದ್ರೆ ಓಡಾಡೋಕೆ ಜಾಗ ಬೇಕು ಅಂತ ಹೊರಮೂಲೆಯನ್ನ ಕತ್ತರಿಸಿ ಬಿಟ್ಟಿರ್ತಾರೆ. ಗೋಡೆ ಕಡೆ ಮಲಗಿದವರು ಏಳಬೇಕಾದ್ರೆ ಪಕ್ಕದವರನ್ನ ದಾಟಿಯೇ ಬರಬೇಕು.

ಸಲಹೆ ಕೊಡೋವ್ರು ಇಲ್ಲಿ ಏನು ಹೇಳ್ತಾರೆ? ನಿಮ್ಮ 'ಲೈಫ್‌ಸ್ಟೈಲ್' ನೋಡಿಕೊಳ್ಳಿ ಅಂತಾರೆ. ಗಂಡ-ಹೆಂಡತಿ ಇಬ್ಬರೇ ಆದ್ರೆ ವ್ಯಾನ್, ಅಂದ್ರೆ ಕ್ಲಾಸ್ ಬಿ. ಮಕ್ಕಳಿದ್ರೆ ಡ್ರೈವರ್ ತಲೆ ಮೇಲೆ ಅಟ್ಟ ಇರೋ ಕ್ಲಾಸ್ ಸಿ, ಅಥವಾ ಬಂಕ್ ಬೆಡ್ ಇರೋದು. ವರ್ಷವಿಡೀ ಅದರಲ್ಲೇ ಬದುಕೋದಾದ್ರೆ ಬಸ್ಸಿನಂಥ ಕ್ಲಾಸ್ ಎ. ತಪ್ಪೇನಿಲ್ಲ, ಆದ್ರೆ ಈ ಪಟ್ಟಿಯಲ್ಲಿ ಜನ ಬರೀ ತಲೆಯೆಣಿಕೆ. ಯಾರು ಮೊದಲು ಏಳ್ತಾರೆ, ಯಾರಿಗೆ ರಾತ್ರಿ ಮೂರು ಸಲ ಟಾಯ್ಲೆಟ್‌ಗೆ ಹೋಗಬೇಕು, ಯಾರಿಗೆ ಮೊಣಕಾಲು ನೋವು ಅನ್ನೋ ಪ್ರಶ್ನೆಯೇ ಬರಲ್ಲ.

ನಮ್ಮ ಕಥೆ ಹೇಳ್ತೀನಿ. ಅಪ್ಪ-ಅಮ್ಮ ನಮ್ಮಲ್ಲಿಗೆ ಬಂದಾಗ ಅಕ್ಟೋಬರ್‌ನಲ್ಲಿ ಯೂಟಾ ಕಡೆ ಹೊರಟ್ವಿ. ನಾನು, ಹೆಂಡತಿ, ಆರು ವರ್ಷದ ಮಗಳು, ಅವರಿಬ್ಬರು. 25 ಅಡಿಯ ಕ್ಲಾಸ್ ಸಿ. ಬೆಲ್ಟ್ ಎಣಿಸಿದ್ದೆ, ಐದಿತ್ತು. ತೂಕ ನೋಡಿದ್ದೆ. ಎಂಜಿನಿಯರ್ ಅಲ್ವಾ, ಸ್ಪ್ರೆಡ್‌ಶೀಟ್ ಕೂಡ ಮಾಡಿದ್ದೆ. ಅಮ್ಮನಿಗೆ ಏಣಿ ಹತ್ತೋಕಾಗಲ್ಲ, ಹಾಗಾಗಿ ಅಟ್ಟ ನಮಗೆ. ಅಪ್ಪನಿಗೆ ಟಾಯ್ಲೆಟ್ ಹತ್ತಿರ ಇರಬೇಕು, ಹಾಗಾಗಿ ಹಿಂದಿನ ಮೂಲೆ ಹಾಸಿಗೆ ಅವರಿಬ್ಬರಿಗೆ, ಅಪ್ಪ ಹೊರಬದಿಗೆ. ಮೇಜು ಮಡಚಿ ಮಾಡೋ ಹಾಸಿಗೆ ಮಗಳಿಗೆ. ಕಾಗದದ ಮೇಲೆ ಎಲ್ಲ ಸರಿಯಾಗಿ ಕೂತಿತ್ತು.

ಮೊದಲ ಸಂಜೆಯೇ ಅಮ್ಮ ಸಾರಿಗೆ ಒಗ್ಗರಣೆ ಹಾಕಿದ ಕೂಡಲೇ ಸ್ಮೋಕ್ ಅಲಾರಂ ಹೊಡೆದುಕೊಳ್ತು. ಎಲ್ಲರೂ ನಕ್ಕು, ಕಿಟಕಿ ತೆಗೆದು, ಊಟ ಮಾಡಿದ್ವಿ. ಆಗಲೇ ಇನ್ನೊಂದು ವಿಷಯ ಗೊತ್ತಾಯ್ತು. ಮೊದಲು ಮುಗಿಯೋದು ಕುಡಿಯೋ ನೀರಲ್ಲ, ಮೊದಲು ತುಂಬೋದು ಪಾತ್ರೆ ತೊಳೆದ ನೀರಿನ ಟ್ಯಾಂಕ್. ಐದು ಜನರ ಅನ್ನ-ಸಾರಿನ ಪಾತ್ರೆ ತೊಳೆಯೋ ಅಡುಗೆಮನೆ ಬೇರೆ, ಸ್ಯಾಂಡ್‌ವಿಚ್ ಮಾಡಿ ತಟ್ಟೆ ಒರೆಸಿಡೋ ಅಡುಗೆಮನೆ ಬೇರೆ. ಪ್ಲಾನ್‌ನಲ್ಲಿ ಎರಡಕ್ಕೂ ಒಂದೇ ಚೌಕ.

ಎರಡನೇ ರಾತ್ರಿ ಬ್ರೈಸ್ ಕ್ಯಾನ್ಯನ್‌ನಲ್ಲಿ. ಅದು 2,400 ಮೀಟರ್‌ಗೂ ಮೇಲಿನ ಜಾಗ, ಅಕ್ಟೋಬರ್‌ನಲ್ಲಿ ಬೆಳಗಿನ ಚಳಿ ಅಂದ್ರೆ ಚಳಿ. ಐದೂಕಾಲಿಗೆ ನನಗೆ ಎಚ್ಚರ ಆಯ್ತು. ಅಟ್ಟದಿಂದ ಬಗ್ಗಿ ನೋಡಿದ್ರೆ ಅಮ್ಮ ಹಾಸಿಗೆಯಲ್ಲಿಲ್ಲ. ಏಣಿ ಇಟ್ಟುಕೊಂಡು ಇಳಿದು ಬಾಗಿಲು ತೆಗೆದೆ. ಗಾಡಿಯ ಮೆಟ್ಟಿಲ ಮೇಲೆ ಶಾಲು ಹೊದ್ದು, ಮೊಣಕಾಲು ಅಪ್ಪಿಕೊಂಡು, ಕತ್ತಲಲ್ಲಿ ಕೂತಿದ್ರು.

'ಯಾಕಮ್ಮಾ, ಒಳಗೆ ಕಾಫಿ ಮಾಡ್ಕೊಳೋದಲ್ವಾ?'

'ಸ್ಟೌ ಪಕ್ಕದಲ್ಲೇ ಮಗೂ ತಲೆ ಐತೆ ಕಣೋ. ದೀಪ ಹಾಕಿದ್ರೆ ಎಚ್ಚರ ಆಯ್ತದೆ. ನಂಗೇನು, ಅಭ್ಯಾಸ.'

ಜೀವಮಾನವೆಲ್ಲ ನಾಲ್ಕೂವರೆಗೆ ಎದ್ದವರು. ಅಪ್ಪನನ್ನ ಮೆಲ್ಲಗೆ ದಾಟಿ ಬಂದಿದ್ದಾರೆ. ನಿಲ್ಲೋಕೆ ಜಾಗ ಇಲ್ಲ, ಕೂರೋಕೆ ಮೇಜಿಲ್ಲ, ಅದು ಹಾಸಿಗೆ ಆಗಿದೆ. ಹಿಂದಿನ ದಿನವೂ ಹೀಗೇ ಹೊರಗೆ ಕೂತಿದ್ರಂತೆ. ನಾನು ಎದ್ದಿರಲಿಲ್ಲ, ಅವರು ಹೇಳಿರಲಿಲ್ಲ.

ಆ ಪ್ಲಾನ್‌ನ ದೋಷ ಇದೇ ಅಂತ ನನಗೆ ಅವತ್ತು ಹೊಳೆದದ್ದು. ಇಕ್ಕಟ್ಟಾದ ಜಾಗದಲ್ಲಿ ಯಾರು ಸುಮ್ಮನಿರ್ತಾರೋ ಅವರ ಪಾಲೇ ಮೊದಲು ಹೋಗೋದು. ಅಪ್ಪನ ತೊಂದರೆ ನನಗೆ ಗೊತ್ತಿತ್ತು, ಡಾಕ್ಟರ್ ಚೀಟಿ ಇತ್ತು. ಮಗಳು ಅತ್ತು ಕೇಳ್ತಾಳೆ. ಅಮ್ಮನ ಬೆಳಗಿನ ಒಂದೂವರೆ ಗಂಟೆ ಮಾತ್ರ ನನ್ನ ಸ್ಪ್ರೆಡ್‌ಶೀಟ್‌ನ ಯಾವ ಕಾಲಂನಲ್ಲೂ ಇರಲಿಲ್ಲ.

ನಮ್ಮ ಹಳ್ಳಿ ಮನೆಯಲ್ಲಿ ಮಲಗೋ ಕೋಣೆ ಅಂತ ಪ್ರತ್ಯೇಕ ಏನಿರಲಿಲ್ಲ. ರಾತ್ರಿ ನಡುಮನೆಯಲ್ಲಿ ಚಾಪೆ ಹಾಸಿದ್ರೆ ಅದೇ ಬೆಡ್‌ರೂಮು, ಬೆಳಗ್ಗೆ ಸುತ್ತಿಟ್ರೆ ಅದೇ ಊಟದ ಮನೆ. ಹಾಗಾಗಿ ಮೇಜನ್ನ ಹಾಸಿಗೆ ಮಾಡೋದನ್ನ ಅಮೆರಿಕದವರು ದೊಡ್ಡ ರಗಳೆ ಅಂದಾಗ ನನಗೆ ನಗು ಬರ್ತಿತ್ತು, ನಾವು ಹುಟ್ಟಿದಾಗಿಂದ ಮಾಡಿದ್ದು ಅದನ್ನೇ ತಾನೇ ಅಂತ. ನನ್ನ ತಪ್ಪು ಅಲ್ಲೇ ಇತ್ತು. ಆ ಮನೆಯಲ್ಲಿ ಅಡುಗೆಮನೆ ಬೇರೆ ಇತ್ತು, ಬಚ್ಚಲು ಹಿತ್ತಲಲ್ಲಿತ್ತು, ಮುಂದೆ ಜಗಲಿ ಇತ್ತು. ನಡುಮನೆಯಲ್ಲಿ ಎಂಟು ಜನ ಗೊರಕೆ ಹೊಡೀತಿದ್ರೂ ಎದ್ದವರು ಒಲೆ ಹಚ್ಚಬಹುದಿತ್ತು. ಗಾಡಿಯಲ್ಲಿ ಇದೆಲ್ಲ ಒಂದೇ ಕೋಣೆ.

ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ನಡುವಿನ ಓಣಿ ಒಂದು ಶೇರ್ಡ್ ರಿಸೋರ್ಸ್. ಫ್ರಿಜ್ ತೆಗೆದವರು, ಟಾಯ್ಲೆಟ್ ಬಾಗಿಲು ತೆಗೆದವರು, ಅಟ್ಟದ ಏಣಿ ಇಟ್ಟವರು, ಎಲ್ಲರೂ ಅದೇ ಒಂದು ಲಾಕ್ ಹಿಡ್ಕೋತಾರೆ. ಇಬ್ಬರು ಒಬ್ಬರಿಗೊಬ್ಬರು ಕಾದು ನಿಂತ್ರೆ ಡೆಡ್‌ಲಾಕ್. ಕೋಡ್‌ನಲ್ಲಾದ್ರೆ ರೀಸ್ಟಾರ್ಟ್ ಮಾಡಬಹುದು. ಇಲ್ಲಿ ಯಾರಾದರೊಬ್ಬರು ಬಿಟ್ಟುಕೊಡಬೇಕು.

ಹಾಗಾದ್ರೆ ಒಳ್ಳೆ ಪ್ಲಾನ್ ಅಂತ ಇದೆಯಾ? ಒಂದು ಉದಾಹರಣೆ ನೋಡೋಣ. ವಿನ್ನಿಬೇಗೋ ಕಂಪನಿಯ ಟ್ರವಾಟೊ ಅನ್ನೋ ಕ್ಲಾಸ್ ಬಿ ವ್ಯಾನ್‌ನಲ್ಲಿ 59ಜಿ, 59ಕೆ ಅಂತ ಎರಡು ಪ್ಲಾನ್. ಅದೇ ವ್ಯಾನ್, ಸುಮಾರು 21 ಅಡಿಯ ಅದೇ ಉದ್ದ. ಜಿಯಲ್ಲಿ ಮುಂದುಗಡೆ ಊಟದ ಮೇಜು, ಹಿಂದೆ ಮೂಲೆ ಹಾಸಿಗೆ. ಹಾಸಿಗೆ ಎತ್ತಿದ್ರೆ ಹಿಂಬಾಗಿಲಿಂದ ದೊಡ್ಡ ಸಾಮಾನು ತುಂಬಬಹುದು. ಕೆಯಲ್ಲಿ ಹಿಂದೆ ಪೂರ್ತಿ ಬಚ್ಚಲು, ಅದರ ಮುಂದೆ ಎರಡೂ ಬದಿಗೆ ಒಂದೊಂದು ಹಾಸಿಗೆ, ನಡುವೆ ಓಣಿ. ಜಿ ಅಂದ್ರೆ ಹಗಲಿನ ಪ್ಲಾನ್. ಕೂತು ಲ್ಯಾಪ್‌ಟಾಪ್ ತೆಗೆಯೋಕೆ, ಸಾಮಾನು ಹೇರೋಕೆ ಅನುಕೂಲ. ಕೆ ರಾತ್ರಿಯ ಪ್ಲಾನ್. ಯಾರೂ ಯಾರನ್ನೂ ದಾಟದೆ ಎದ್ದು ಹೋಗಬಹುದು. ಎರಡೂ ಇಬ್ಬರಿಗೇ ಮಾಡಿದ್ದು, ಆದರೆ ಎರಡು ಬೇರೆ ಬೇರೆ ಜೋಡಿಗೆ. ಒಟ್ಟಿಗೆ ಮಲಗಿ ಒಟ್ಟಿಗೆ ಏಳೋವ್ರಿಗೆ ಒಂದು, ನಿದ್ದೆಯ ಹೊತ್ತು ಬೇರೆ ಬೇರೆ ಇರೋವ್ರಿಗೆ ಇನ್ನೊಂದು. ಯಾವುದನ್ನ ಬಿಟ್ಟುಕೊಟ್ಟಿದ್ದೀವಿ ಅನ್ನೋದು ಎರಡರಲ್ಲೂ ಸ್ಪಷ್ಟವಾಗಿ ಕಾಣುತ್ತೆ. ನನ್ನ ಪ್ರಕಾರ ಒಳ್ಳೆ ಪ್ಲಾನ್ ಅಂದ್ರೆ ಅದೇ. ಎಲ್ಲರಿಗೂ ಎಲ್ಲವೂ ಇದೆ ಅನ್ನೋ ಪ್ಲಾನ್ ಕಂಡ್ರೆ ಹುಷಾರಾಗಿರಿ.

ಜಾನ್ ಸ್ಟೈನ್‌ಬೆಕ್ 1960ರಲ್ಲಿ ಚಾರ್ಲಿ ಅನ್ನೋ ನಾಯಿ ಜೊತೆ ಅಮೆರಿಕ ಸುತ್ತಿದ್ದು ಪಿಕಪ್ ಟ್ರಕ್ ಮೇಲೆ ಕೂರಿಸಿದ ಪುಟ್ಟ ಮನೆಯಲ್ಲಿ. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರು, ರೊಸಿನಾಂಟೆ ಅಂತ, ಇಟ್ಟಿದ್ದ. ಆ ಗಾಡಿ ಈಗ ಕ್ಯಾಲಿಫೋರ್ನಿಯಾದ ಸಲೀನಸ್‌ನಲ್ಲಿ ಅವನ ಹೆಸರಿನ ಮ್ಯೂಸಿಯಂನಲ್ಲಿದೆ. ಹಾಸಿಗೆ, ಒಲೆ, ಫ್ರಿಜ್, ಟಾಯ್ಲೆಟ್ ಎಲ್ಲ ಇತ್ತು, ಆದರೆ ಒಬ್ಬ ಮನುಷ್ಯ, ಒಂದು ನಾಯಿ ಅಷ್ಟೇ ಲೆಕ್ಕ. 2020ರ 'ನೊಮ್ಯಾಡ್‌ಲ್ಯಾಂಡ್' ಸಿನಿಮಾದ ಫರ್ನ್ ತನ್ನ ವ್ಯಾನನ್ನ ತಾನೇ ಹೊಂದಿಸಿಕೊಳ್ತಾಳೆ, ಗಂಡನ ಹಳೇ ಮೀನು ಹಿಡಿಯೋ ಸಾಮಾನಿನ ಪೆಟ್ಟಿಗೆಗೂ ಅದರಲ್ಲಿ ಜಾಗ ಮಾಡಿ. ಈ ಎರಡೂ ನೋಡೋಕೆ ಚೆಂದ, ಯಾಕಂದ್ರೆ ಅಲ್ಲಿ ಬಿಟ್ಟುಕೊಡೋಕೆ ಇನ್ನೊಬ್ಬರಿಲ್ಲ. ರಸ್ತೆ ಬದುಕಿನ ರೊಮ್ಯಾನ್ಸ್ ಬಹುಪಾಲು ಒಂಟಿಯವರದ್ದು. ಅದನ್ನ ನೋಡಿ ಆಸೆಪಟ್ಟು, ಸಂಸಾರ ಸಮೇತ ಹತ್ತಿಕೊಳ್ಳೋವ್ರು ನಾವು.

ದೊಡ್ಡ ಗಾಡಿ ತಗೊಂಡ್ರೆ ಮುಗೀತಲ್ಲ ಅನ್ನಬಹುದು. ಅಷ್ಟು ಸುಲಭ ಇಲ್ಲ. ಗ್ಲೇಸಿಯರ್ ನ್ಯಾಷನಲ್ ಪಾರ್ಕ್‌ನ ಗೋಯಿಂಗ್-ಟು-ದ-ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ಗಾಡಿಗೆ ಪ್ರವೇಶವೇ ಇಲ್ಲ. ಗಾಡಿ ಉದ್ದ ಆದಷ್ಟೂ ನೋಡಬೇಕು ಅಂತ ಹೊರಟ ಜಾಗದಿಂದಲೇ ದೂರ. ಇನ್ನು ನಿಲ್ಲಿಸಿದಾಗ ಗೋಡೆಯೇ ಹೊರಗೆ ಸರಿದು ಕೋಣೆ ಅಗಲ ಆಗೋ ಸ್ಲೈಡ್-ಔಟ್ ಬಗ್ಗೆ ಒಂದು ಮಾತು. ಬ್ರೋಷರ್‌ನಲ್ಲಿ ಅದನ್ನ ಯಾವಾಗಲೂ ಹೊರಗೆ ಸರಿಸಿಯೇ ತೋರಿಸ್ತಾರೆ. ಒಳಗೆ ಎಳೆದಾಗ ಫ್ರಿಜ್ ಬಾಗಿಲು ತೆರೆಯುತ್ತಾ, ಟಾಯ್ಲೆಟ್‌ಗೆ ಹೋಗೋಕಾಗುತ್ತಾ ಅಂತ ಕೇಳಿ. ಹೆದ್ದಾರಿ ಪಕ್ಕ ಹತ್ತು ನಿಮಿಷ ನಿಲ್ಲಿಸಿದಾಗ ಬೇಕಾಗೋದು ಅದೇ.

ಹಾಗಾಗಿ ಲೈಫ್‌ಸ್ಟೈಲ್ ಪಟ್ಟಿ ಬದಿಗಿಟ್ಟು ಒಂದು ಕೆಲಸ ಮಾಡಿ. ಒಂದು ದಿನದ 24 ಗಂಟೆ ಬರೆದುಕೊಳ್ಳಿ. ಪ್ರತಿ ಗಂಟೆಗೂ ಯಾರು ಎಲ್ಲಿರ್ತಾರೆ ಅಂತ ಪ್ಲಾನ್ ಮೇಲೆ ಹೆಸರು ಹಾಕಿ. ಮಳೆ ದಿನಕ್ಕೆ ಇನ್ನೊಂದು ಸಲ ಹಾಕಿ. ಮೊದಲು ಏಳೋವ್ರಿಗೆ ಯಾರನ್ನೂ ಎಬ್ಬಿಸದೆ ಕೂರೋ ಜಾಗ ಇದೆಯಾ? ಕಡೆಯದಾಗಿ ಮಲಗೋವ್ರಿಗೆ ಒಂದು ದೀಪ ಇದೆಯಾ? ಕೊಳ್ಳೋದಾದ್ರೆ ಶೋರೂಮ್‌ನಲ್ಲಿ ನಾಚಿಕೆ ಬಿಟ್ಟು ಹಾಸಿಗೆ ಮೇಲೆ ಮಲಗಿ, ಟಾಯ್ಲೆಟ್ ಬಾಗಿಲು ಹಾಕಿಕೊಂಡು ಕೂತು ನೋಡಿ. ಅದಕ್ಕೂ ಮೊದಲು ಎರಡು ರಾತ್ರಿ ಬಾಡಿಗೆಗೆ ತಗೊಳ್ಳಿ. ಮುಖ್ಯವಾಗಿ, ಮನೆಯಲ್ಲಿ ಏನೂ ಕೇಳದೇ ಇರೋವ್ರು ಯಾರೋ, ಅವರ ಹೆಸರಿಂದ ಪ್ಲಾನ್ ತುಂಬೋಕೆ ಶುರು ಮಾಡಿ.

ಮೂರನೇ ರಾತ್ರಿ ಮಗಳನ್ನ ಅಟ್ಟಕ್ಕೆ, ಅವಳಮ್ಮನ ಪಕ್ಕಕ್ಕೆ ಕಳಿಸಿ, ಮಡಚಿದ ಮೇಜಿನ ಹಾಸಿಗೆಯಲ್ಲಿ ನಾನು ಮಲಗಿದೆ. ಎದ್ದಾಗ ನನ್ನನ್ನೂ ಎಬ್ಬಿಸಿ ಅಂತ ಅಮ್ಮನಿಗೆ ಹೇಳಿದ್ದೆ. ಅವರು ಎಬ್ಬಿಸಲಿಲ್ಲ, ಅಲಾರಂ ಇಟ್ಟುಕೊಂಡು ನಾನೇ ಎದ್ದೆ. ಹಾಸಿಗೆ ಮಡಚಿ ಮತ್ತೆ ಮೇಜು ಮಾಡಿ, ಸಣ್ಣ ದೀಪ ಹಾಕಿ, ಕಾಫಿ ಮಾಡಿ, ಇಬ್ಬರೂ ಎದುರುಬದುರು ಕೂತ್ವಿ. ಎಲ್ಲರೂ ಮಲಗಿದ್ರು.

ಊರಿಗೆ ಹೋದ ಮೇಲೆ ಅಕ್ಕಪಕ್ಕದವರು ಬಂದು ಆ ಮನೆಯಂಥ ಗಾಡಿ ಹೇಗಿತ್ತು ಅಂತ ಕೇಳಿದ್ರಂತೆ. ಫೋನ್‌ನಲ್ಲಿ ಅಮ್ಮ ನನಗೆ ಹೇಳಿದ್ದು ಇಷ್ಟೇ: 'ಎಲ್ಲಾ ಐತೆ ಅಂದೆ ಕಣೋ. ಒಲೆ ಐತೆ, ನೀರೈತೆ, ಹಾಸಿಗೆ ಐತೆ. ಒಂದು ಜಗಲಿ ಇದ್ದಿದ್ರೆ ಚೆನ್ನಾಗಿತ್ತು ಅಂದೆ.'