ಲಾಮೆಯ ಚಿತೆ, ಹಾರ್ಕನ್‌ನ ಉಡುಗೊರೆ

ಸ್ಕೈರಿಮ್ ವಿಡಿಯೊ ಆಟದಲ್ಲಿ ರಕ್ತಪಿಶಾಚಿ, ಅಂದರೆ ವ್ಯಾಂಪೈರ್ ಆಗುವುದು ಜ್ವರ ಅಂಟಿಕೊಂಡಷ್ಟೇ ಸದ್ದಿಲ್ಲದ ಸಂಗತಿ. ಗುಹೆಯಲ್ಲಿ ವ್ಯಾಂಪೈರ್ ಜೊತೆ ಹೊಡೆದಾಟ. ಅದು ನಮ್ಮ ಜೀವ ಹೀರುವ ಮಂತ್ರ ಬಿಡುತ್ತದೆ. ಪರದೆಯ ಮೂಲೆಯಲ್ಲಿ ‘ಸಾಂಗ್ವಿನಾರೆ ವ್ಯಾಂಪಿರಿಸ್’ ರೋಗ ತಗುಲಿತೆಂಬ ಸಾಲೊಂದು ಮಿಂಚಿ ಮಾಯವಾಗುತ್ತದೆ. ಸತ್ತವರ ಜೇಬು ತಡಕುವ ಗಡಿಬಿಡಿಯಲ್ಲಿ ಮೊದಲ ಸಲ ನಾನು ಆ ಸಾಲನ್ನು ನೋಡಲೇ ಇಲ್ಲ. ಆಟದ ಲೆಕ್ಕದ 3 ದಿನಗಳೊಳಗೆ ರೋಗ ಕಳೆಯುವ ಮದ್ದು ಕುಡಿದರೆ, ಇಲ್ಲವೇ ಗುಡಿಯೊಂದರಲ್ಲಿ ಕೈಮುಗಿದರೆ ಪಾರು. ಗಡುವು ಮೀರಿತೋ, ಬಿಸಿಲು ಹಗೆಯಾಗುತ್ತದೆ.

ಈ 3 ದಿನಗಳೇ ಸ್ಕೈರಿಮ್ ಸೇರಿದ ಎಲ್ಡರ್ ಸ್ಕ್ರಾಲ್ಸ್ ಸರಣಿಯ ಒಳ್ಳೆಯ ಕಲ್ಪನೆ. ಮಾರ್ಪಾಡು ಸೋಂಕು ತಗುಲಿದ ಗಳಿಗೆಯಲ್ಲಲ್ಲ, ನಮ್ಮ ಅಲಕ್ಷ್ಯದಲ್ಲಿ ನಡೆಯುತ್ತದೆ. ಅದೇ ಸರಣಿಯ 2006ರ ಆಟ ಆಬ್ಲಿವಿಯನ್ ಇದನ್ನು ಇನ್ನೂ ಚೆನ್ನಾಗಿ ಮಾಡಿತ್ತು. ಅಲ್ಲಿ ಗಡುವು ಮುಗಿದ ಮೇಲೆ ಒಮ್ಮೆ ನಿದ್ದೆ ಮಾಡಬೇಕು. ಎದ್ದಾಗ ನಾವು ನಾವಾಗಿರುವುದಿಲ್ಲ. ಇಡೀ ಆಟದಲ್ಲಿ ನಿಶ್ಚಿಂತೆಯ ಜಾಗವೆಂದರೆ ಹಾಸಿಗೆ; ಅಲ್ಲಿಯೇ ಅನಾಹುತ ಕಾದಿರುತ್ತದೆ. ಸ್ಕೈರಿಮ್ ಆ ನಿದ್ದೆಯನ್ನು ಕೈಬಿಟ್ಟಿದ್ದು ದೊಡ್ಡ ನಷ್ಟ.

ಸ್ಕೈರಿಮ್‌ನ ಹಸಿವಿನ ಲೆಕ್ಕವೂ ಸೊಗಸು. ರಕ್ತ ಕುಡಿಯದೆ ಉಳಿದಷ್ಟೂ ಶಕ್ತಿ ಏರುತ್ತದೆ, ಮೊಗ ವಿಕಾರವಾಗುತ್ತದೆ. ಮೂಲ ಆಟದಲ್ಲಿ ಹಸಿವಿನ ನಾಲ್ಕನೆಯ ಹಂತಕ್ಕೆ ಹೋದರೆ ಊರ ಜನ ಕತ್ತಿ ಹಿರಿದು ಬರುತ್ತಿದ್ದರು. ಮನುಷ್ಯರ ನಡುವೆ ಇರಬೇಕಾದರೆ ಮನುಷ್ಯರ ರಕ್ತವನ್ನೇ ಕುಡಿಯಬೇಕಿತ್ತು. 2012ರಲ್ಲಿ ಬಂದ ಡಾನ್‌ಗಾರ್ಡ್ ವಿಸ್ತರಣೆ ಜನರ ಈ ದ್ವೇಷವನ್ನು ತೆಗೆದುಹಾಕಿ ಆಟವನ್ನು ಸಲೀಸು ಮಾಡಿತು, ಸಪ್ಪೆಯನ್ನೂ ಮಾಡಿತು.

ನನ್ನ ನಿಜವಾದ ತಕರಾರು ಬೇರೆ. ಈ ಲೋಕದಲ್ಲಿ ಮೊದಲ ವ್ಯಾಂಪೈರ್ ಹುಟ್ಟಿದ್ದು ಕಾಯಿಲೆಯಿಂದಲ್ಲ, ಅತ್ಯಾಚಾರದಿಂದ. ಸಾವಿನ ದೇವರಾದ ಆರ್ಕೇಯನ್ನು ಮಣಿಸಬೇಕೆಂದು ದಬ್ಬಾಳಿಕೆಯ ಅಧಿಪತಿ ಮೊಲಾಗ್ ಬಾಲ್ ಲಾಮೆ ಬಿಯೋಲ್ಫಾಗ್ ಎಂಬ ಹೆಣ್ಣಿನ ಮೈಮೇಲೆ ಎರಗುತ್ತಾನೆ. ಅಲೆಮಾರಿ ಹೆಂಗಸರು ಅವಳ ಆರೈಕೆ ಮಾಡುತ್ತಾರೆ, ಉಳಿಸಿಕೊಳ್ಳಲಾಗದೆ ಚಿತೆಗೇರಿಸುತ್ತಾರೆ. ಉರಿಯುವ ಚಿತೆಯಿಂದೆದ್ದ ಲಾಮೆ ತನ್ನನ್ನು ಸಲಹಿದ ಅವರನ್ನೇ ಕೊಲ್ಲುತ್ತಾಳೆ. ಇಷ್ಟು ಭೀಕರವಾದ ಮೂಲಕಥೆಯನ್ನು ಸ್ಕೈರಿಮ್ ಕಪಾಟಿನ ಪುಸ್ತಕವೊಂದರಲ್ಲಿಟ್ಟು ಸುಮ್ಮನಾಗುತ್ತದೆ. ಓದದವನಿಗೆ ಅದು ಇಲ್ಲವೇ ಇಲ್ಲ.

ಮೂಲಕಥೆಗೂ ಆಟಕ್ಕೂ ನಡುವಿನ ಈ ಬಿರುಕು ಡಾನ್‌ಗಾರ್ಡ್‌ನಲ್ಲಿ ಎದ್ದು ಕಾಣುತ್ತದೆ. ಅದರ ವ್ಯಾಂಪೈರ್ ಪಾತ್ರಗಳಾದ ಸೆರಾನಾ ಮತ್ತು ಅವಳ ತಾಯಿ ವಲೇರಿಕಾ ವ್ಯಾಂಪೈರ್ ಆಗಿಸುವ ಅದೇ ಮೊಲಾಗ್ ಬಾಲ್‌ನ ವಿಧಿಗೆ ಒಳಗಾಗಿ ಬದುಕಿ ಬಂದವರು. ಆ ವಿಧಿಯ ಮಾತೆತ್ತಿದರೆ ಸೆರಾನಾ ಅದು ಅವಮಾನಕರವಾಗಿತ್ತು ಎಂದಷ್ಟೇ ಹೇಳಿ ಮಾತು ಮುಗಿಸುತ್ತಾಳೆ. ಅವಳ ಮೌನವನ್ನು ನಾನು ಗೌರವಿಸುತ್ತೇನೆ; ಬರೆದವರು ಅಲ್ಲಿ ಸಂಯಮ ತೋರಿದ್ದಾರೆ. ಆದರೆ ಅವಳ ತಂದೆ ಹಾರ್ಕನ್ ಅದೇ ಶಕ್ತಿಯನ್ನು ನಮಗೆ ಉಡುಗೊರೆ ಎಂದು ಚಾಚುತ್ತಾನೆ. ಕುತ್ತಿಗೆಗೆ ಒಂದು ಕಡಿತ, ಒಂದಿಷ್ಟು ಕತ್ತಲೆ, ಎದ್ದರೆ ರೆಕ್ಕೆ ಬಿಚ್ಚುವ ವ್ಯಾಂಪೈರ್ ಲಾರ್ಡ್. ಹೆಣ್ಣುಗಳು ಅನುಭವಿಸಿದ ಯಾತನೆ ಆಟಗಾರನ ಕೈಗೆ ಬರುವಾಗ ಬರಿಯ ಬಲವಾಗಿರುತ್ತದೆ. ಬೆಲೆ ತೆತ್ತವರು ಬೇರೆ, ಸುಖಿಸುವವರು ಬೇರೆ ಎಂಬ ಅಳುಕನ್ನಾದರೂ ಆಟ ನಮ್ಮಲ್ಲಿ ಹುಟ್ಟಿಸಬೇಕಿತ್ತು. 2014ರ ಎಲ್ಡರ್ ಸ್ಕ್ರಾಲ್ಸ್ ಆನ್‌ಲೈನ್ ಲಾಮೆಯನ್ನೇ ಎದುರಿಗೆ ತಂದು ಮಾತಾಡಿಸಿತು. ಮೊಲಾಗ್ ಬಾಲ್ ಮೇಲಿನ ಅವಳ ಸಿಟ್ಟನ್ನು ಅಲ್ಲಿ ಅವಳ ಬಾಯಿಂದಲೇ ಕೇಳುತ್ತೇವೆ.

ಆದರೂ ಸ್ಕೈರಿಮ್‌ನಲ್ಲಿ ಆ ಅಳುಕನ್ನು ಹುಟ್ಟಿಸುವ ಒಂದು ಗಳಿಗೆಯಿದೆ. ಕಥೆ ಮುಗಿದ ಮೇಲೆ, ಸರಿಯಾದ ಮಾತು ಆರಿಸಿ ಕೇಳಿದರೆ, ಸೆರಾನಾ ಮನುಷ್ಯಳಾಗಲು ಒಪ್ಪುತ್ತಾಳೆ. ಮೊರ್ಥಾಲ್‌ನಲ್ಲಿರುವ ಫಾಲಿಯನ್ ಎಂಬ ಮಾಂತ್ರಿಕನನ್ನು ಹುಡುಕಿಕೊಂಡು ಒಬ್ಬಳೇ ಹೊರಡುತ್ತಾಳೆ. ಮರಳಿ ಬಂದಾಗ ಅವಳ ಕಣ್ಣಿನ ಬಣ್ಣ ಬದಲಾಗಿರುತ್ತದೆ. ಅದಾದ ಮೇಲೆ ನಮ್ಮನ್ನು ವ್ಯಾಂಪೈರ್ ಮಾಡೆಂದು ಅವಳನ್ನು ಕೇಳುವಂತಿಲ್ಲ.