ಟೆಂಪ್ಲೇಟಿನಿಂದ ಬೈಟ್‌ಕೋಡಿಗೆ: ಅರ್ಲಿಡಿಟಿಎಲ್ ಕುರಿತು ಒಂದು ವಿಮರ್ಶೆ

ಜಾಲಪುಟವೊಂದರಲ್ಲಿ ಸ್ಥಿರವಾಗಿ ಉಳಿಯುವ ಭಾಗ ಯಾವುದು, ಓದುಗನಿಂದ ಓದುಗನಿಗೆ ಬದಲಾಗುವ ಭಾಗ ಯಾವುದು ಎಂಬ ವಿಂಗಡಣೆಯೇ ಟೆಂಪ್ಲೇಟು. ಸ್ಥಿರ ಭಾಗವನ್ನು ವಿನ್ಯಾಸಕಾರ ಬರೆಯುತ್ತಾನೆ. ಬದಲಾಗುವ ಭಾಗವನ್ನು ಪ್ರೋಗ್ರಾಂ ಒದಗಿಸುತ್ತದೆ. ಮೇಲ್ನೋಟಕ್ಕೆ ಇದು ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡಿನಂತೆ ಕಂಡರೂ, ಈ ಎರಡರ ನಡುವಿನ ಗೆರೆಯನ್ನು ಯಾರು, ಯಾವಾಗ, ಎಲ್ಲಿ ಎಳೆಯುತ್ತಾರೆ ಎಂಬುದು ಗಣಕ ವಿಜ್ಞಾನದ ಗಂಭೀರ ಪ್ರಶ್ನೆಗಳಲ್ಲಿ ಒಂದು. ಅರ್ಲಾಂಗ್ ಭಾಷೆಗಾಗಿ ರೂಪುಗೊಂಡ ಅರ್ಲಿಡಿಟಿಎಲ್ ಎಂಬ ತಂತ್ರಾಂಶ ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಒಂದು ಕೃತಿಯನ್ನು ಪರಿಶೀಲಿಸುವಂತೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ತಂತ್ರಾಂಶವನ್ನು ವೇಗದ ಅಳತೆಗೋಲೊಂದರಿಂದಲೇ ಬೆಲೆಕಟ್ಟುವ ಪರಿಪಾಠವನ್ನು ಇಲ್ಲಿ ಬೇಕೆಂದೇ ಬದಿಗಿರಿಸಲಾಗಿದೆ.

ಮೊದಲು ಅದರ ಹುಟ್ಟಿನ ಹಿನ್ನೆಲೆಯನ್ನು ಗಮನಿಸಬೇಕು. ಅರ್ಲಾಂಗ್ ಭಾಷೆ ರೂಪುಗೊಂಡದ್ದು ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯ ಗಣಕ ಪ್ರಯೋಗಾಲಯದಲ್ಲಿ, 1986ರಿಂದ ಮುಂದಕ್ಕೆ. ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವಿರ್ಡಿಂಗ್ ಮತ್ತು ಮೈಕ್ ವಿಲಿಯಮ್ಸ್ ಅದರ ನಿರ್ಮಾತೃಗಳು. ದೂರವಾಣಿ ವಿನಿಮಯ ಕೇಂದ್ರಗಳಂತಹ, ಎಂದೂ ನಿಲ್ಲಬಾರದ ಯಂತ್ರಗಳಿಗಾಗಿ ಹುಟ್ಟಿದ ಈ ಭಾಷೆ 1998ರಲ್ಲಿ ಮುಕ್ತ ಆಕರವಾಯಿತು. ಪಠ್ಯವನ್ನು ಸಿಂಗರಿಸಿ ಪ್ರಕಟಿಸುವುದು ಅದರ ಕನಸಿನಲ್ಲೂ ಇರಲಿಲ್ಲ; ಪಠ್ಯಕ್ಕೆಂದೇ ಪ್ರತ್ಯೇಕವಾದ ದತ್ತಾಂಶ ಪ್ರಕಾರ ಸಹ ಅದರಲ್ಲಿರಲಿಲ್ಲ, ಅಕ್ಷರಸಾಲು ಎಂದರೆ ಪೂರ್ಣಾಂಕಗಳ ಪಟ್ಟಿ ಅಷ್ಟೇ. ಇನ್ನೊಂದು ಕಡೆ, ಪೈಥಾನ್ ಭಾಷೆಯ ಜ್ಯಾಂಗೋ ಚೌಕಟ್ಟು ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಜರ್ನಲ್-ವರ್ಲ್ಡ್ ಎಂಬ ಪತ್ರಿಕೆಯ ಕಚೇರಿಯಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಅವರ ಕೈಯಲ್ಲಿ ಬೆಳೆದು 2005ರಲ್ಲಿ ಹೊರಬಂದಿತು. ಸುದ್ದಿಮನೆಯ ವಿನ್ಯಾಸಕಾರನಿಗೆ ಪೈಥಾನ್ ಕಲಿಯುವ ಹೊರೆ ಇರಬಾರದೆಂಬ ವಿವೇಕದಿಂದ ಅದರ ಟೆಂಪ್ಲೇಟು ಭಾಷೆ ಬೇಕೆಂದೇ ಬಡವಾಗಿ ಉಳಿದುಕೊಂಡಿದೆ. ಜೋಡಿ ಪುಷ್ಪಾವರಣದೊಳಗೆ ಚರದ ಹೆಸರು, ಶೇಕಡಾ ಚಿಹ್ನೆಯ ಜೊತೆಗೆ ಆವರ್ತನೆ ಅಥವಾ ಷರತ್ತು, ಲಂಬಗೆರೆಯ ನಂತರ ಫಿಲ್ಟರು: ಬಹುಮಟ್ಟಿಗೆ ಅದರ ವ್ಯಾಕರಣ ಇಷ್ಟೇ.

ಒಂದು ದೂರವಾಣಿ ಕೇಂದ್ರದ ಮಗು, ಇನ್ನೊಂದು ಪತ್ರಿಕಾ ಕಚೇರಿಯ ಮಗು. ಇವೆರಡರ ಸಂಬಂಧ ಬೆಸೆದವರು ರಾಬರ್ಟೊ ಸಕ್ಕೋನ್ ಮತ್ತು ಇವಾನ್ ಮಿಲ್ಲರ್. 2008ರ ಹಕ್ಕುಸ್ವಾಮ್ಯ ಸೂಚನೆಯನ್ನು ಹೊತ್ತ ಅವರ ಕೃತಿಯನ್ನು ಮುಂದೆ ಆಂಡ್ರಿಯಾಸ್ ಸ್ಟೇನಿಯಸ್ ಬಹಳವಾಗಿ ಪರಿಷ್ಕರಿಸಿದರು.

ಜ್ಯಾಂಗೋದ ಮೂಲ ಪದ್ಧತಿಯಲ್ಲಿ ಟೆಂಪ್ಲೇಟು ನೆನಪಿನಲ್ಲಿ ಒಂದು ವೃಕ್ಷವಾಗಿ ನಿಲ್ಲುತ್ತದೆ. ಪುಟ ಬೇಕೆಂದಾಗಲೆಲ್ಲ ಆ ವೃಕ್ಷದ ಗಿಣ್ಣುಗಿಣ್ಣನ್ನೂ ಸುತ್ತಿ ಪಠ್ಯ ಕಟ್ಟಲಾಗುತ್ತದೆ. ಅರ್ಲಿಡಿಟಿಎಲ್ ಈ ಸುತ್ತಾಟವನ್ನು ಒಮ್ಮೆ ಮಾತ್ರ ಮಾಡುತ್ತದೆ. ಸ್ಕ್ಯಾನರು ಪಠ್ಯವನ್ನು ಬಿಡಿ ಚಿಹ್ನೆಗಳಾಗಿ ಒಡೆಯುತ್ತದೆ. ಅರ್ಲಾಂಗಿನದೇ ಆದ ಯೆಕ್ ಎಂಬ ಸಾಧನದಿಂದ ತಯಾರಾದ ಪಾರ್ಸರು ಅವನ್ನು ವೃಕ್ಷವಾಗಿಸುತ್ತದೆ. ಆ ವೃಕ್ಷ ಅರ್ಲಾಂಗಿನ ಅಮೂರ್ತ ವಾಕ್ಯರಚನೆಗೆ ರೂಪಾಂತರವಾಗುತ್ತದೆ. ಕೊನೆಗೆ ಭಾಷೆಯ ಅಧಿಕೃತ ಕಂಪೈಲರಿಗೇ ಒಪ್ಪಿಸಲ್ಪಟ್ಟು ಬೀಮ್ ಯಂತ್ರದ ಬೈಟ್‌ಕೋಡ್ ಆಗುತ್ತದೆ. ಫಲವಾಗಿ ದೊರೆಯುವುದು ಸಾಮಾನ್ಯ ಅರ್ಲಾಂಗ್ ಮಾಡ್ಯೂಲು. ಅದರ ರೆಂಡರ್ ಎಂಬ ಫಂಕ್ಷನ್ನಿಗೆ ಚರಗಳ ಪಟ್ಟಿಯನ್ನು ಕೊಟ್ಟರೆ ಪುಟ ಸಿಗುತ್ತದೆ. ಕೈಯಿಂದ ಬರೆದ ಮಾಡ್ಯೂಲಿಗೂ ಟೆಂಪ್ಲೇಟಿನಿಂದ ಹುಟ್ಟಿದ ಮಾಡ್ಯೂಲಿಗೂ ಬೀಮ್ ಯಾವ ಭೇದವನ್ನೂ ಎಣಿಸುವುದಿಲ್ಲ. 2021ರಲ್ಲಿ ಒಟಿಪಿ 24ನೆಯ ಆವೃತ್ತಿಯೊಡನೆ ಬೀಮ್ ತನ್ನ ಬೈಟ್‌ಕೋಡನ್ನು ಪ್ರೊಸೆಸರಿನ ಸ್ವಂತ ಆದೇಶಗಳಿಗೆ ಮಾರ್ಪಡಿಸಲಾರಂಭಿಸಿದಾಗ, ಹಳೆಯ ಟೆಂಪ್ಲೇಟುಗಳಿಗೂ ಆ ಲಾಭ ಕೇಳದೆಯೇ ದಕ್ಕಿತು. ಪರರ ಕಂಪೈಲರಿನ ಮೇಲೆ ಭಾರ ಹಾಕಿದ ನಿರ್ಧಾರ ಎಷ್ಟು ದೂರದೃಷ್ಟಿಯದೆಂಬುದಕ್ಕೆ ಇದೊಂದೇ ಸಾಕ್ಷ್ಯ ಸಾಕು.

ಆದರೆ ಕೃತಿಯ ನಿಜವಾದ ಸೊಗಸು ಬೈಟ್‌ಕೋಡಿನಲ್ಲಿಲ್ಲ, ಅದು ಹಿಂದಿರುಗಿಸುವ ಫಲಿತದ ಆಕಾರದಲ್ಲಿದೆ. ರೆಂಡರ್ ಫಂಕ್ಷನ್ ಅಖಂಡವಾದ ಅಕ್ಷರಸಾಲನ್ನು ಕೊಡುವುದಿಲ್ಲ; ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಬೈನರಿ ಎಂಬಂತೆ ಹೆಣೆದ ಐಓಲಿಸ್ಟ್ ಎಂಬ ರಚನೆಯನ್ನು ಕೊಡುತ್ತದೆ. ಟೆಂಪ್ಲೇಟಿನ ಸ್ಥಿರ ಭಾಗಗಳು ಮಾಡ್ಯೂಲಿನ ಸ್ಥಿರಾಂಕಗಳಾಗಿ ಒಂದೆಡೆ ಕುಳಿತಿರುತ್ತವೆ. ಪ್ರತಿ ಪುಟವೂ ಅವನ್ನು ನಕಲಿಸದೆ ಬೊಟ್ಟುಮಾಡಿ ತೋರಿಸುತ್ತದೆ. ಜೋಡಿಸುವ ಕೆಲಸ ಸಾಕೆಟ್ಟಿನ ಬಾಗಿಲಿನವರೆಗೂ ಮುಂದೂಡಲ್ಪಡುತ್ತದೆ. ಒಮ್ಮೆ ಕೊಟ್ಟ ಮೌಲ್ಯ ಬದಲಾಗದ ಭಾಷೆಯಲ್ಲಿ ಮಾತ್ರ ಇಂತಹ ಹಂಚಿಕೆ ನಿರ್ಭೀತಿಯಿಂದ ಸಾಧ್ಯ. ಕನ್ನಡದ ಮಟ್ಟಿಗೆ ಇದರ ಮಹತ್ವ ಇನ್ನೂ ಹೆಚ್ಚು. ‘ಕರ್ನಾಟಕ’ ಎಂಬ ಪದ ಯೂನಿಕೋಡಿನಲ್ಲಿ 7 ಸಂಕೇತಗಳು, ಯುಟಿಎಫ್-8ರಲ್ಲಿ 21 ಬೈಟುಗಳು. 64 ಬಿಟ್ಟಿನ ಯಂತ್ರದಲ್ಲಿ ಅರ್ಲಾಂಗ್ ಪಟ್ಟಿಯ ಒಂದು ಕೊಂಡಿಗೆ 16 ಬೈಟು ಬೇಕಾದ್ದರಿಂದ, ಅದೇ ಪದವನ್ನು ಸಂಕೇತಗಳ ಪಟ್ಟಿಯಾಗಿ ಇಟ್ಟರೆ 112 ಬೈಟು, ಬೈಟುಗಳ ಪಟ್ಟಿಯಾಗಿ ಇಟ್ಟರೆ 336 ಬೈಟು. ಬೈನರಿಯಾಗಿ ಉಳಿಸುವ ಕ್ರಮ ಇಂಗ್ಲಿಷ್ ಪುಟಕ್ಕೆ ಮಿತವ್ಯಯವಾದರೆ ಕನ್ನಡ ಪುಟಕ್ಕೆ ಬಹುಮಟ್ಟಿಗೆ ಅನಿವಾರ್ಯ.

ಇನ್ನೊಂದು ಸೂಕ್ಷ್ಮವನ್ನೂ ಮೆಚ್ಚಬೇಕು. ಜ್ಯಾಂಗೋದ ಆವರ್ತನೆಯಲ್ಲಿ ಎಣಿಕೆಯ ಚರ ತಾನಾಗಿ ಏರುತ್ತ ಹೋಗುತ್ತದೆ. ಏರುವ ಚರವೇ ಇಲ್ಲದ ಅರ್ಲಾಂಗಿನಲ್ಲಿ ಅದನ್ನು ಮ್ಯಾಪ್‌ಫೋಲ್ಡ್ ಎಂಬ ಪರಿಚಿತ ಫಂಕ್ಷನ್ನಿನ ಸಂಚಯವಾಗಿ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ದಾಟಿಸಲಾಗಿದೆ. ಅನುವಾದ ಎಂದರೆ ಹೀಗಿರಬೇಕು. ಆದರೆ ಹಿಂದಿನ ಸುತ್ತಿಗಿಂತ ಮೌಲ್ಯ ಬದಲಾಗಿದ್ದರೆ ಮಾತ್ರ ಮುದ್ರಿಸು ಎಂಬ ಆದೇಶದ ಬಳಿ ಬಂದಾಗ ಈ ಶಿಸ್ತು ಸಡಿಲಗೊಳ್ಳುತ್ತದೆ: ಅಲ್ಲಿ ಪ್ರಕ್ರಿಯೆಯ ಗುಪ್ತ ನಿಘಂಟಿಗೆ ಮೌಲ್ಯವನ್ನು ಬರೆದಿಟ್ಟು ಓದಿಕೊಳ್ಳಲಾಗುತ್ತದೆ. ಅರ್ಲಾಂಗ್ ಬಲ್ಲವರು ಸಾಧ್ಯವಾದಷ್ಟೂ ದೂರವಿಡುವ ಹಾದಿ ಅದು. ಮೂಲಭಾಷೆಯ ಸ್ವಭಾವ ಅನುವಾದದೊಳಗೆ ಹೀಗೆ ಇಣುಕುವುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸತೇನಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಟೆಂಪ್ಲೇಟು ಬೈಟ್‌ಕೋಡ್ ಆಗುತ್ತದೆ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಮೋಸಹೋಗುವ ಸಂಭವವಿದೆ. ಕಂಪೈಲ್ ಆಗುವುದು ಪುಟದ ಅಸ್ಥಿಪಂಜರ. ಬಳಕೆದಾರನ ಹೆಸರನ್ನು ತೋರಿಸು ಎಂಬ ಆದೇಶ ಎದುರಾದಾಗ, ಆ ಬಳಕೆದಾರ ಎಂಬುದು ಜೋಡಿಗಳ ಪಟ್ಟಿಯೋ, ನಿಘಂಟೋ, ಮ್ಯಾಪೋ, ರೆಕಾರ್ಡೋ ಎಂಬುದು ಕಂಪೈಲರಿಗೆ ಸಾಮಾನ್ಯವಾಗಿ ತಿಳಿಯದು. ಚಾಲನೆಯ ವೇಳೆಯಲ್ಲೇ ಒಂದೊಂದನ್ನು ಪರೀಕ್ಷಿಸಿ ಹುಡುಕಬೇಕು. ಜೋಡಿಗಳ ಪಟ್ಟಿಯಾದರೆ ಮೊದಲಿನಿಂದ ಸಾಲಾಗಿ ತಡಕಬೇಕು. ಎಂದರೆ ಅತಿ ಹೆಚ್ಚು ಬಾರಿ ನಡೆಯುವ ಕೆಲಸವೇ ಹಳೆಯ ವ್ಯಾಖ್ಯಾನಪದ್ಧತಿಯಲ್ಲಿ ಉಳಿದುಕೊಂಡಿದೆ. ಹೆಸರನ್ನು ತಪ್ಪಾಗಿ ಬರೆದರೆ ಕಂಪೈಲರು ಗದರಿಸುವುದೂ ಇಲ್ಲ. ಆ ಜಾಗ ಖಾಲಿಯಾಗಿ ಮುದ್ರಣಗೊಳ್ಳುತ್ತದೆ. ಇದು ಜ್ಯಾಂಗೋದ ಸಂಪ್ರದಾಯಕ್ಕೆ ನಿಷ್ಠೆ ಎನ್ನಬಹುದು. ಆದರೆ ಕಂಪೈಲ್ ಮಾಡುವ ಶ್ರಮಕ್ಕೆ ಸಿಗಬೇಕಾದ ಬಹುದೊಡ್ಡ ಪ್ರತಿಫಲ ದೋಷವನ್ನು ಮೊದಲೇ ಹಿಡಿಯುವುದು. ಅದನ್ನು ಈ ನಿಷ್ಠೆಗಾಗಿ ಬಿಟ್ಟುಕೊಟ್ಟದ್ದು ನನಗೆ ಸರಿಯೆನಿಸುವುದಿಲ್ಲ. ತಾನು ಬಳಸುವ ಚರಗಳ ಪಟ್ಟಿಯನ್ನು ಕಂಪೈಲಾದ ಮಾಡ್ಯೂಲು ಕೇಳಿದಾಗ ಹೇಳಬಲ್ಲದು. ಆ ಅರಿವನ್ನು ಎಚ್ಚರಿಕೆಯಾಗಿ ಬಳಸಿಕೊಳ್ಳುವ ಹೊಣೆ ಮಾತ್ರ ಪ್ರೋಗ್ರಾಮರನ ತಲೆಯ ಮೇಲಿದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. ಪ್ರತಿ ಟೆಂಪ್ಲೇಟೂ ಒಂದು ಮಾಡ್ಯೂಲಾದರೆ, ಪ್ರತಿ ಮಾಡ್ಯೂಲಿಗೂ ಒಂದು ಹೆಸರು ಬೇಕು. ಅರ್ಲಾಂಗಿನಲ್ಲಿ ಆ ಹೆಸರು ಅಟಮ್. ಅಟಮ್‌ಗಳ ಕೋಷ್ಟಕದಿಂದ ಬಳಸಿ ಬಿಟ್ಟದ್ದನ್ನು ತೆಗೆಯುವ ವ್ಯವಸ್ಥೆಯಿಲ್ಲ, ಅದರ ವಾಡಿಕೆಯ ಗರಿಷ್ಠ ಮಿತಿ 10,48,576. ಅದು ತುಂಬಿದರೆ ಇಡೀ ಯಂತ್ರವೇ ನಿಲ್ಲುತ್ತದೆ. ತಂಡವೊಂದು ತನ್ನ ಕೆಲವು ನೂರು ಟೆಂಪ್ಲೇಟುಗಳನ್ನು ಕಂಪೈಲ್ ಮಾಡಿಟ್ಟುಕೊಳ್ಳುವಲ್ಲಿ ಇದು ಲೆಕ್ಕಕ್ಕೆ ಬಾರದು. ಆದರೆ ಸದಸ್ಯರೇ ತಮ್ಮ ಟೆಂಪ್ಲೇಟು ಬರೆದುಕೊಳ್ಳಬಹುದಾದ ಸೇವೆಯಲ್ಲಿ, ತಿದ್ದುಪಡಿಗೊಂದು ಹೊಸ ಹೆಸರು ಹುಟ್ಟಿಸುತ್ತ ಹೋದರೆ, ನಿಲ್ಲಬಾರದ ಯಂತ್ರಕ್ಕೆಂದೇ ಹುಟ್ಟಿದ ಭಾಷೆ ಒಂದು ಅಲಂಕಾರದ ಕಾರಣದಿಂದ ನಿಂತುಹೋದೀತು. ಅದೇ ಹೆಸರಿಗೇ ಮತ್ತೆ ಮತ್ತೆ ತುಂಬಿದರೆ ಇನ್ನೊಂದು ನಿಯಮ ಅಡ್ಡ ಬರುತ್ತದೆ. ಬೀಮ್ ಒಂದು ಮಾಡ್ಯೂಲಿನ ಎರಡು ಆವೃತ್ತಿಗಳನ್ನು ಮಾತ್ರ ಇರಿಸಿಕೊಳ್ಳುತ್ತದೆ; ಮೂರನೆಯದು ಬಂದಾಗ ಅತಿ ಹಳೆಯದರಲ್ಲಿ ಇನ್ನೂ ನಡೆಯುತ್ತಿರುವ ಪ್ರಕ್ರಿಯೆಗಳು ಕೊನೆಗೊಳ್ಳುತ್ತವೆ. ಪುಟ ಕಟ್ಟುವ ಕೆಲಸ ಕ್ಷಣಿಕವಾದ್ದರಿಂದ ಅಪಾಯ ವಿರಳ ಎಂಬುದನ್ನು ಒಪ್ಪಬೇಕು. ಜ್ಯಾಂಗೋದ ವೃಕ್ಷಕ್ಕೆ ಈ ಎರಡೂ ಕಾಟಗಳಿಲ್ಲ. ಬೇಡವಾದಾಗ ಅದು ಕಸದೊಡನೆ ಹೋಗುತ್ತದೆ.

ಈ ಮಾರ್ಗ ಮುಂದೆ ಎತ್ತ ಸಾಗಿತು ಎಂಬುದನ್ನು ಚಿಕ್ಕದಾಗಿ ಹೇಳಬಹುದು. ಮಿಲ್ಲರ್ ಅವರದೇ ಆದ ಚಿಕಾಗೋ ಬಾಸ್ ಚೌಕಟ್ಟು ಅರ್ಲಿಡಿಟಿಎಲ್ ಅನ್ನು ಆಧರಿಸಿತು. ಝೊಟೋನಿಕ್ ಅದನ್ನು ತನ್ನ ಅಗತ್ಯಕ್ಕೆ ತಿದ್ದಿಕೊಂಡು, ಬಳಿಕ ತನ್ನದೇ ಕಂಪೈಲರನ್ನು ಕಟ್ಟಿಕೊಂಡಿತು. ಬೀಮ್ ಮೇಲೆಯೇ ನಡೆಯುವ ಎಲಿಕ್ಸಿರ್ ಭಾಷೆಯ ಈಈಎಕ್ಸ್ ಟೆಂಪ್ಲೇಟುಗಳೂ ಫಂಕ್ಷನ್‌ಗಳಾಗಿಯೇ ಕಂಪೈಲ್ ಆಗುತ್ತವೆ. ಫೀನಿಕ್ಸ್ ಚೌಕಟ್ಟಿನ ಲೈವ್‌ವ್ಯೂ, 2019ರಲ್ಲಿ ಹೊರಬಂದಾಗ, ಕಂಪೈಲರು ಬೇರ್ಪಡಿಸಿದ ಸ್ಥಿರ ಭಾಗವನ್ನು ಬ್ರೌಸರಿಗೆ ಒಮ್ಮೆ ಮಾತ್ರ ಕಳಿಸಿ, ನಂತರ ಬದಲಾದ ತುಣುಕುಗಳನ್ನಷ್ಟೇ ಕಳಿಸುವ ಕ್ರಮವನ್ನು ತಂದಿತು. ಸ್ಥಿರ ಮತ್ತು ಚರಗಳ ನಡುವಿನ ಗೆರೆ ಯಂತ್ರದ ನೆನಪಿನಿಂದ ಹೊರಬಂದು ಜಾಲದ ತಂತಿಯವರೆಗೂ ಚಾಚಿಕೊಂಡಿತು.

ಆ ಗೆರೆ ಎಲ್ಲ ಭಾಷೆಗಳಿಗೂ ಒಂದೇ ಕಡೆ ಬೀಳುತ್ತದೆಯೇ? ಕನ್ನಡದಲ್ಲಿ ಬರೆಯುವವರು ಕೇಳಲೇಬೇಕಾದ ಪ್ರಶ್ನೆ ಇದು. ಅರ್ಲಿಡಿಟಿಎಲ್ ಭಾಷಾಂತರಕ್ಕೆ ಒಂದು ಉತ್ತಮ ಸೌಕರ್ಯ ಒದಗಿಸಿದೆ. ಭಾಷಾಂತರಿಸಬೇಕಾದ ವಾಕ್ಯಗಳ ಪಟ್ಟಿಯನ್ನು ಮಾಡ್ಯೂಲೇ ಕೊಡುತ್ತದೆ. ಬೇಕಾದ ಭಾಷೆಗಳನ್ನು ಮುಂಚಿತವಾಗಿ ಹೇಳಿದರೆ ಪ್ರತಿ ಭಾಷೆಯ ವಾಕ್ಯವೂ ಕಂಪೈಲ್ ವೇಳೆಯಲ್ಲೇ ಬೈಟ್‌ಕೋಡಿನೊಳಗೆ ಸೇರುತ್ತದೆ. ಓದುಗ ಕನ್ನಡವನ್ನು ಆರಿಸಿಕೊಂಡಾಗ ಹುಡುಕಾಟದ ವೆಚ್ಚ ಉಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಭಾಷಾಂತರಕಾರನದು: ಒಂದು ಕಾಗುಣಿತದ ತಪ್ಪನ್ನು ತಿದ್ದಿದರೂ ಅದು ಪುಟದಲ್ಲಿ ಕಾಣಿಸಲು ಮಾಡ್ಯೂಲು ಮತ್ತೆ ಕಂಪೈಲ್ ಆಗಬೇಕು, ಅರ್ಥಾತ್ ಪ್ರೋಗ್ರಾಮರನ ಕೃಪೆಗೆ ಕಾಯಬೇಕು. ವಿನ್ಯಾಸಕಾರನನ್ನು ಪ್ರೋಗ್ರಾಮರನ ಹಂಗಿನಿಂದ ಬಿಡಿಸಲು ಹುಟ್ಟಿದ ಭಾಷೆ ಭಾಷಾಂತರಕಾರನನ್ನು ಅದೇ ಹಂಗಿಗೆ ಸಿಲುಕಿಸಿದೆ.

ಇದಕ್ಕಿಂತ ಆಳದ ತೊಡಕು ವಿಭಕ್ತಿಯದು. ಚರದ ಮುಂದೆ ಒಂದು ಸ್ಥಿರ ಪಠ್ಯ, ಹಿಂದೆ ಒಂದು ಸ್ಥಿರ ಪಠ್ಯ, ನಡುವೆ ಹೆಸರು ಎಂಬ ಕಲ್ಪನೆ ಪದಗಳು ಬಿಡಿಬಿಡಿಯಾಗಿ ನಿಲ್ಲುವ ಭಾಷೆಯದು. ಕನ್ನಡದಲ್ಲಿ ರಾಮ ‘ರಾಮನಿಗೆ’ ಆಗುತ್ತಾನೆ, ರವಿ ‘ರವಿಗೆ’, ಗುರು ‘ಗುರುವಿಗೆ’, ಬೆಂಗಳೂರು ‘ಬೆಂಗಳೂರಿಗೆ’. ಇಲ್ಲಿ ‘ಗೆ’ ಎಂಬುದನ್ನು ಸ್ಥಿರ ಭಾಗವೆಂದು ಟೆಂಪ್ಲೇಟಿನಲ್ಲಿ ಅಚ್ಚುಹಾಕಿಡುವಂತಿಲ್ಲ. ಆಗಮವೂ ಲೋಪವೂ ಹೆಸರಿನ ಅಂತ್ಯಸ್ವರವನ್ನೂ ಅದು ಮನುಷ್ಯನ ಹೆಸರೋ ಊರಿನದೋ ಎಂಬುದನ್ನೂ ಅವಲಂಬಿಸಿವೆ. ವ್ಯಕ್ತಿನಾಮದ ವಿಷಯದಲ್ಲಿ ನಮ್ಮ ಜಾಲತಾಣಗಳು ‘ಅವರಿಗೆ’ ಎಂಬ ಗೌರವವಾಚಕವನ್ನು ತಗುಲಿಸಿ ಪಾರಾಗುತ್ತವೆ. ಸೌಜನ್ಯಕ್ಕಿಂತ ಟೆಂಪ್ಲೇಟಿನ ಒತ್ತಡವೇ ಅಲ್ಲಿ ಮಾತಾಡುತ್ತಿರುತ್ತದೆ ಎಂಬ ಗುಮಾನಿ ನನ್ನದು. ಊರಿನ ಹೆಸರಿಗೆ, ಪುಸ್ತಕದ ಹೆಸರಿಗೆ ಈ ಉಪಾಯ ನಡೆಯದು.

ಪರಿಹಾರದ ಬೀಜವೂ ಇದೇ ಕೃತಿಯಲ್ಲಿದೆ. ಫಿಲ್ಟರು ಎಂದರೆ ಪಠ್ಯವನ್ನು ಪಡೆದು ಪಠ್ಯವನ್ನು ಕೊಡುವ ಫಂಕ್ಷನ್. ವಿಭಕ್ತಿ ಪ್ರತ್ಯಯವನ್ನು ವೈಯಾಕರಣರು ವಿವರಿಸುವುದೂ ಬಹುಪಾಲು ಹಾಗೆಯೇ. ಹೊಸ ಫಿಲ್ಟರುಗಳ ಗ್ರಂಥಾಲಯವನ್ನು ಜೋಡಿಸಲು ಅರ್ಲಿಡಿಟಿಎಲ್ ಅವಕಾಶ ಕೊಡುತ್ತದೆ. ಆದ್ದರಿಂದ ಹೆಸರಿನ ಪಕ್ಕ ಲಂಬಗೆರೆ ಎಳೆದು ‘ಚತುರ್ಥಿ’ ಎಂಬಂತಹ ಫಿಲ್ಟರನ್ನು ಬರೆಯುವುದಕ್ಕೆ ತಾಂತ್ರಿಕವಾದ ಅಡ್ಡಿಯೇನಿಲ್ಲ. ಅದನ್ನು ಬರೆಯುವವರು ಎಣಿಕೆಯ ಘಟಕದ ಬಗ್ಗೆ ಮಾತ್ರ ಎಚ್ಚರವಹಿಸಬೇಕು. ಮೇಲೆ ಹೇಳಿದ ‘ಕರ್ನಾಟಕ’ ಪದವನ್ನೇ ತೆಗೆದುಕೊಂಡರೆ, ಬೈಟು 21, ಸಂಕೇತ 7. 2017ರಲ್ಲಿ ಬಂದ ಒಟಿಪಿ 20ರಿಂದ ಅರ್ಲಾಂಗಿನ ಅಕ್ಷರಸಾಲಿನ ಮಾಡ್ಯೂಲು ಅನುಸರಿಸುವ ಗ್ರಾಫೀಮ್ ಗುಚ್ಛದ ಲೆಕ್ಕದಲ್ಲಿ 5, ಏಕೆಂದರೆ ಅಲ್ಲಿ ‘ರ್’ ಬೇರೆ, ‘ನಾ’ ಬೇರೆ. ಕನ್ನಡ ಓದುಗನ ಲೆಕ್ಕದಲ್ಲಿ ಅಕ್ಷರ 4. ಶೀರ್ಷಿಕೆಯನ್ನು ಇಷ್ಟು ಅಕ್ಷರಕ್ಕೆ ಮೊಟಕುಗೊಳಿಸು ಎಂಬ ಸರಳ ಆದೇಶವೂ ‘ರ್ನಾ’ ಎಂಬಲ್ಲಿ ಕತ್ತರಿ ಹಾಕಿದರೆ ‘ಕರ್’ ಎಂದು ನಿಂತುಬಿಡುತ್ತದೆ. ಬೈಟ್‌ಕೋಡ್ ಎಷ್ಟೇ ಚುರುಕಾಗಿದ್ದರೂ ಆ ಅರ್ಧ ಅಕ್ಷರವನ್ನು ಅದು ಅಷ್ಟೇ ಚುರುಕಾಗಿ ಮುದ್ರಿಸುತ್ತದೆ.