ತಂತಿಗಿಂತ ಉದ್ದದ ಏಣಿ

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಕಾಳುಮೆಣಸಿನ ಕೊಯ್ಲು ಶುರುವಾದರೆ ಕೆಲಸದ ಉಸ್ತುವಾರಿ ನೋಡುವ ರೈಟರ್ ಬಾಯಲ್ಲಿ ಒಂದೇ ಮಾತು: ‘ಲೈನ್ ನೋಡ್ಕೊಂಡು ಏಣಿ ಇಡ್ರಪ್ಪಾ.’ ನಮ್ಮಲ್ಲಿ ವಿದ್ಯುತ್ ಸುರಕ್ಷತೆ ಬಹುಪಾಲು ಇಷ್ಟಕ್ಕೇ ಮುಗಿಯುತ್ತದೆ. ಹೊಣೆಯೆಲ್ಲ ಏಣಿ ಹಿಡಿದವನ ತಲೆಗೆ. ಅವನು ಸತ್ತರೆ ಅಜಾಗರೂಕತೆಯೂ ಅವನದೇ.

ಲೆಕ್ಕ ನೋಡಿ. ರಸ್ತೆ ಬಿಟ್ಟು ಬೇರೆಡೆ 11 ಕೆ.ವಿ.ವರೆಗಿನ ಬರಿ ತಂತಿ ನೆಲದಿಂದ 4.6 ಮೀಟರ್ ಮೇಲಿದ್ದರೆ ಸಾಕು ಎನ್ನುತ್ತಿತ್ತು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮ. ಸಿಲ್ವರ್ ಓಕ್‌ಗೆ ಹಬ್ಬಿದ ಬಳ್ಳಿಯ ಮೆಣಸು ಕೊಯ್ಯಲು 20 ಅಡಿಯ ಏಣಿಯಾದರೂ ಬೇಕು, ಅಂದರೆ 6 ಮೀಟರ್. ತಂತಿ ಒಂದಿಷ್ಟೂ ಜೋತುಬೀಳದೆ ಆ ನಿಯಮದ ಪ್ರಕಾರವೇ ಇದ್ದರೂ ನೆಟ್ಟಗೆ ಹಿಡಿದ ಏಣಿ ಅದಕ್ಕೆ ತಗಲುತ್ತದೆ.

ಮಲಗಿಸಿ ಒಯ್ಯಬಾರದೇ ಎಂದು ತೋಟ ಕಾಣದವರು ಕೇಳಬಹುದು. ಕೆಳಗೆ ಒತ್ತೊತ್ತಾಗಿ ಕಾಫಿ ಗಿಡ. ಮಲಗಿಸಿದ ಏಣಿ ತಿರುಗಿಸಿದರೆ ರೆಂಬೆ ಮುರಿಯುತ್ತದೆ, ಮಾಲೀಕರು ಗದರುತ್ತಾರೆ. ಹಾಗಾಗಿ ಇಬ್ಬರು ಬುಡ ಹಿಡಿದು, ನಿಂತ ಏಣಿಯನ್ನು ಹಾಗೇ ಮರದಿಂದ ಮರಕ್ಕೆ ಸಾಗಿಸುತ್ತಾರೆ. ಕಣ್ಣು ಕಾಲಡಿಯ ಇಳಿಜಾರಿನ ಮೇಲೆ, ತಂತಿ ಎಲೆಗಳ ಮರೆಯಲ್ಲಿ. ಒಣ ಬಿದಿರಿನಲ್ಲಿ ಕರೆಂಟ್ ಸುಲಭಕ್ಕೆ ಹರಿಯದು (ಹಸಿಯಾದರೆ ಅದನ್ನೂ ನಂಬುವಂತಿಲ್ಲ). ಹಗುರವೆಂದು ನಾವೆಲ್ಲ ಮೆಚ್ಚಿ ತಂದ ಅಲ್ಯೂಮಿನಿಯಂ ಏಣಿಯಲ್ಲಿ ಒಣಗಿದೆಯೋ ಹಸಿಯೋ ಎಂಬ ಪ್ರಶ್ನೆಯೇ ಇಲ್ಲ, ಕರೆಂಟ್ ಸಲೀಸಾಗಿ ಹರಿಯುತ್ತದೆ.

ತೀರಾ ಕೆಳಮಟ್ಟದಲ್ಲಿ ಹಾರಿ ಬೆಳೆಗೆ ಔಷಧಿ ಹೊಡೆಯುವ ಹೆಲಿಕಾಪ್ಟರ್ ಪೈಲಟ್‌ಗಳಿಗೆ ತಂತಿ ಹುಡುಕಬೇಡಿ, ಕಂಬ ಹುಡುಕಿ ಎಂದು ಕಲಿಸುತ್ತಾರೆ. ಗುಡ್ಡದ ಹಿನ್ನೆಲೆಯಲ್ಲಿ ತಂತಿ ಕಾಣಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಾರುವ ಮುಂಚೆಯೇ ತಂತಿ ಎಲ್ಲೆಲ್ಲಿದೆ ಎಂದು ಗುರುತು ಮಾಡಿಕೊಳ್ಳುವುದು ಆ ಕಸುಬಿನ ಶಿಸ್ತು. ತರಬೇತಾದ ಪೈಲಟ್‌ನ ಕಣ್ಣನ್ನೇ ನಂಬದ ಕಡೆ ನಾವು ಕೆ.ಜಿ. ಲೆಕ್ಕದಲ್ಲಿ ಕೊಯ್ಯುವ ಕೂಲಿಯವನ ಕಣ್ಣನ್ನು ನಂಬಿ ಕೂತಿದ್ದೇವೆ!

ಹಾಗಾದರೆ ದಾರಿಯೇನು? ಕರೆಂಟ್ ಹರಿಯದ ಫೈಬರ್‌ಗ್ಲಾಸ್ ಏಣಿ ಒಳ್ಳೆಯದೇ. ಆದರೆ ಒಣಗಿ, ಚೊಕ್ಕಟವಾಗಿದ್ದಾಗ ಮಾತ್ರ. ತೋಟದೊಳಗೆ ಹೊದಿಕೆಯಿರುವ ತಂತಿ ಎಳೆಯುವುದು ವಿದ್ಯುತ್ ನಿಗಮದ ಕೆಲಸ. ಆದರೆ ಲೈನ್ ಕೆಳಗಿನ ಮರಕ್ಕೆ ಮೆಣಸು ಹಬ್ಬಿಸಿದವರು ಯಾರು? ನಾವೇ. ಆ ನಾಲ್ಕು ಬಳ್ಳಿಯ ಆಸೆ ಬಿಡಲು ಯಾವ ಇಲಾಖೆಯ ಅನುಮತಿಯೂ ಬೇಡ.

ಬೆಳೆಗಾರರೇ, ಈ ಸಲ ಕೊಯ್ಲಿಗೆ ಮುಂಚೆ ತಂತಿಯಿಂದ ಏಣಿಯುದ್ದದೊಳಗಿನ ಮರಗಳಿಗೆಲ್ಲ ಕೆಂಪು ಬಣ್ಣ ಬಳಿಸಿ. ಲೈನ್ ಆಫ್ ಆಗಿದೆಯೆಂದು ಲೈನ್‌ಮನ್ ಬಂದು ಖಾತ್ರಿ ಮಾಡುವ ತನಕ ಅವುಗಳ ಹತ್ತಿರ ಏಣಿ ತರಿಸಬೇಡಿ.